ಜಾಲದಲ್ಲಿ ಉಳಿಯುವ ಜಾಡು: ಪತ್ತೆ ಹಚ್ಚಿ ಹತೋಟಿಗೆ ತರುವ ಸಮಗ್ರ ಮಾರ್ಗದರ್ಶಿ

2006ರ ಆಗಸ್ಟ್ ತಿಂಗಳಿನಲ್ಲಿ ಅಮೆರಿಕದ ಇಂಟರ್ನೆಟ್ ಕಂಪನಿ ಎಒಎಲ್ ಸಂಶೋಧಕರಿಗೆ ನೆರವಾಗಲೆಂದು ತನ್ನ ಸುಮಾರು ಆರೂವರೆ ಲಕ್ಷ ಬಳಕೆದಾರರು ಮೂರು ತಿಂಗಳಲ್ಲಿ ನಡೆಸಿದ ಎರಡು ಕೋಟಿಯಷ್ಟು ಹುಡುಕಾಟಗಳ ದಾಖಲೆಯನ್ನು ಪ್ರಕಟಿಸಿತು. ದಾಖಲೆಯಲ್ಲಿ ಯಾರ ಹೆಸರೂ ಇರಲಿಲ್ಲ; ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು ಕೈತೊಳೆದುಕೊಂಡಿದ್ದರು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಪತ್ರಕರ್ತರು 4417749 ಎಂಬ ಸಂಖ್ಯೆಯ ಹಿಂದಿದ್ದ ಮಹಿಳೆ ಯಾರೆಂಬುದನ್ನು ಪತ್ತೆ ಹಚ್ಚಿದರು. ಆಕೆ ತನ್ನ ಊರಿನ ತೋಟಗಾರಿಕೆಯ ಕೆಲಸಗಾರರನ್ನು ಹುಡುಕಿದ್ದರು, ತನ್ನದೇ ಮನೆತನದ ಹೆಸರಿನ ಕೆಲವರನ್ನು ಹುಡುಕಿದ್ದರು, ಬೆರಳು ಜೋಮು ಹಿಡಿಯುವುದೇಕೆ ಎಂದು ಕೇಳಿದ್ದರು. ಇವುಗಳಲ್ಲಿ ಯಾವ ಹುಡುಕಾಟವೂ ತಾನಾಗಿ ಗುಟ್ಟು ಬಿಟ್ಟುಕೊಡುವಂಥದ್ದಲ್ಲ. ಒಂದೇ ಸಂಖ್ಯೆಯ ಕೆಳಗೆ ಎಲ್ಲವೂ ಸಾಲಾಗಿ ನಿಂತದ್ದರಿಂದ ಗುಟ್ಟು ಹೊರಬಿತ್ತು.

ಈ ಮಾರ್ಗದರ್ಶಿಯ ತಿರುಳೂ ಅದೇ. ಜಾಲದಲ್ಲಿ ಬಿಟ್ಟ ಗುರುತುಗಳನ್ನೆಲ್ಲ ಒರೆಸಿಹಾಕಲು ಹೊರಟವರು ಒಂದು ವಾರ ದುಡಿದು, ದಣಿದು, ಕೈಬಿಡುವುದನ್ನು ನಾನು ಹಲವು ಬಾರಿ ನೋಡಿದ್ದೇನೆ. ಗುರುತುಗಳಿಗಿಂತ ಆ ಗುರುತುಗಳನ್ನು ಒಂದಕ್ಕೊಂದು ಹೊಲಿಯುವ ದಾರ ಮುಖ್ಯ. ನಿಮ್ಮ ಇಮೇಲ್ ವಿಳಾಸ, ಮೊಬೈಲ್ ಸಂಖ್ಯೆ, ಎಲ್ಲೆಡೆ ಬಳಸುವ ಬಳಕೆದಾರನಾಮ, ಎಲ್ಲೆಡೆ ಹಾಕುವ ಅದೇ ಭಾವಚಿತ್ರ, ಇವೇ ಆ ದಾರ. ಆದ್ದರಿಂದ ಅಳಿಸುವ ಕೆಲಸಕ್ಕೆ ಒಂದು ಪಾಲು ಸಮಯ ಕೊಟ್ಟರೆ ಕೊಂಡಿ ಕಳಚುವ ಕೆಲಸಕ್ಕೆ ಎರಡು ಪಾಲು ಕೊಡಬೇಕೆಂಬುದು ನನ್ನ ಅಭಿಪ್ರಾಯ.

ಜಾಡು ಹೇಗೆ ಮೂಡುತ್ತದೆ

ನಾವೇ ತಿಳಿದು ಬಿಡುವ ಜಾಡು ಎಲ್ಲರಿಗೂ ಗೊತ್ತು: ಬರೆದ ಮಾತು, ಹಾಕಿದ ಚಿತ್ರ, ತುಂಬಿದ ಅರ್ಜಿ. ನಮ್ಮ ಸಾಧನಗಳು ನಮ್ಮನ್ನು ಕೇಳದೆ ಬಿಡುವ ಜಾಡು ಬೇರೆ. ಯಾವುದೇ ಜಾಲತಾಣವನ್ನು ತೆರೆದರೂ ಆ ಕಡೆಯ ಸರ್ವರ್‌ನಲ್ಲಿ ಸಾಮಾನ್ಯವಾಗಿ ಒಂದು ಸಾಲು ದಾಖಲಾಗುತ್ತದೆ. ಅದರಲ್ಲಿ ನಿಮ್ಮ ಐಪಿ ವಿಳಾಸ (ಜಾಲದಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ), ಸಮಯ, ಕೇಳಿದ ಪುಟ, ಬ್ರೌಸರಿನ ಹೆಸರು ಮತ್ತು ಆವೃತ್ತಿ, ಅನೇಕ ವೇಳೆ ನೀವು ಯಾವ ತಾಣದಿಂದ ಬಂದಿರಿ ಎಂಬುದೂ ಇರುತ್ತದೆ. ಇದರ ಜೊತೆಗೆ ಕುಕೀ, ಅಂದರೆ ತಾಣವೊಂದು ನಿಮ್ಮ ಬ್ರೌಸರಿನಲ್ಲಿ ಇಟ್ಟುಹೋಗುವ ಪುಟ್ಟ ಗುರುತುಚೀಟಿ. 1994ರಲ್ಲಿ ಬ್ರೌಸರ್ ತಯಾರಿಸುತ್ತಿದ್ದ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ಇದನ್ನು ರೂಪಿಸಿದಾಗ ಅದರ ಉದ್ದೇಶ ತೀರಾ ಸರಳವಾಗಿತ್ತು: ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಖರೀದಿಬುಟ್ಟಿಯಲ್ಲಿ ಏನಿತ್ತೆಂಬುದನ್ನು ತಾಣ ಮರೆಯದಿರಲಿ ಎಂಬುದಷ್ಟೇ. ಒಂದು ಪುಟದೊಳಗೆ ಬೇರೆ ಕಂಪನಿಯ ಜಾಹೀರಾತು ಬಂದು ಕುಳಿತು, ಅದೂ ತನ್ನ ಕುಕೀ ಇಡಲು ಆರಂಭಿಸಿದ ಮೇಲೆ, ಒಂದೇ ಜಾಹೀರಾತು ಜಾಲವು ಸಾವಿರಾರು ತಾಣಗಳಲ್ಲಿ ನಿಮ್ಮನ್ನು ಗುರುತಿಸಲು ಸಾಧ್ಯವಾಯಿತು.

ಕುಕೀಗಳನ್ನೆಲ್ಲ ಅಳಿಸಿದರೂ ಸಾಲದು. ಪರದೆಯ ಅಳತೆ, ಅಕ್ಷರಶೈಲಿಗಳ ಪಟ್ಟಿ, ಸಮಯವಲಯ, ಭಾಷೆ, ಗ್ರಾಫಿಕ್ಸ್ ಯಂತ್ರಾಂಶದ ಸಣ್ಣಪುಟ್ಟ ವ್ಯತ್ಯಾಸಗಳು, ಇವೆಲ್ಲ ಸೇರಿ ಬ್ರೌಸರಿನ ಬೆರಳಚ್ಚು ಎನಿಸುತ್ತವೆ. 2010ರಲ್ಲಿ ಡಿಜಿಟಲ್ ಹಕ್ಕುಗಳ ಸಂಸ್ಥೆಯಾದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ನಡೆಸಿದ ಪ್ರಯೋಗದಲ್ಲಿ ಪರೀಕ್ಷೆಗೆ ಒಳಗಾದ ಬ್ರೌಸರುಗಳ ಪೈಕಿ ಶೇ 83.6ರಷ್ಟರ ಬೆರಳಚ್ಚು ಇನ್ನಾವುದರದ್ದಕ್ಕೂ ಹೊಂದದಷ್ಟು ವಿಶಿಷ್ಟವಾಗಿತ್ತು. ಅದೇ ಸಂಸ್ಥೆಯ ‘ಕವರ್ ಯುವರ್ ಟ್ರ್ಯಾಕ್ಸ್’ ಎಂಬ ತಾಣದಲ್ಲಿ ನಿಮ್ಮ ಬ್ರೌಸರನ್ನು ಇಂದಿಗೂ ಪರೀಕ್ಷಿಸಬಹುದು.

ಇನ್ನು ಇತರರು ನಮ್ಮ ಬಗ್ಗೆ ಬಿಡುವ ಜಾಡು. ಗೆಳೆಯರೊಬ್ಬರು ಹೊಸ ಆ್ಯಪ್ ಒಂದಕ್ಕೆ ತಮ್ಮ ಸಂಪರ್ಕಪಟ್ಟಿಯನ್ನು ಓದಲು ಅನುಮತಿ ಕೊಟ್ಟ ಗಳಿಗೆಯಲ್ಲಿ, ಆ ಆ್ಯಪಿನ ಹೆಸರೇ ಕೇಳಿರದ ನಿಮ್ಮ ಸಂಖ್ಯೆಯೂ ಅಲ್ಲಿಗೆ ತಲುಪಿರುತ್ತದೆ. ಕಡೆಯದು ಊಹೆ, ಅಂದರೆ ಇವೆಲ್ಲವನ್ನೂ ಜೋಡಿಸಿ ಕಂಪನಿಗಳು ತಾವೇ ಕಟ್ಟಿಕೊಳ್ಳುವ ಚಿತ್ರ. ಹೀಗೆ ಜೋಡಿಸಲು ಎಷ್ಟು ಸಾಮಗ್ರಿ ಬೇಕೆಂದು ಕೇಳಿದರೆ, ಉತ್ತರ ನಾವು ಎಣಿಸುವುದಕ್ಕಿಂತ ತೀರಾ ಕಡಿಮೆ: 15 ಲಕ್ಷ ಜನರ ಹದಿನೈದು ತಿಂಗಳ ಮೊಬೈಲ್ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ವ್ಯಕ್ತಿಯೊಬ್ಬರು ಎಲ್ಲಿ ಯಾವ ಹೊತ್ತಿನಲ್ಲಿದ್ದರು ಎಂಬ ನಾಲ್ಕೇ ನಾಲ್ಕು ಬಿಂದುಗಳು ಗೊತ್ತಿದ್ದರೆ ಶೇ 95ರಷ್ಟು ಮಂದಿಯನ್ನು ಗುಂಪಿನಿಂದ ಬೇರ್ಪಡಿಸಿ ಗುರುತಿಸಬಹುದೆಂದು ತೋರಿಸಿಕೊಟ್ಟಿತು.

ಹಂತ 1: ಅಪರಿಚಿತರಂತೆ ನಿಮ್ಮನ್ನೇ ಹುಡುಕಿ

ಬ್ರೌಸರಿನ ಖಾಸಗಿ ಕಿಟಕಿಯನ್ನು ತೆರೆದು, ಯಾವ ಖಾತೆಗೂ ಲಾಗಿನ್ ಆಗದೆ ಹುಡುಕಾಟ ಆರಂಭಿಸಿ. ಲಾಗಿನ್ ಆಗಿ ಹುಡುಕಿದರೆ ನಿಮಗೆ ಕಾಣುವುದು ನಿಮ್ಮ ಅಭಿರುಚಿಗೆ ಹೊಂದಿಸಿದ ಫಲಿತಾಂಶವೇ ಹೊರತು ಹೊರಗಿನವರಿಗೆ ಕಾಣುವುದಲ್ಲ. ನಿಮ್ಮ ಪೂರ್ಣ ಹೆಸರನ್ನು ಉದ್ಧರಣ ಚಿಹ್ನೆಗಳ ನಡುವೆ ಕೊಡಿ. ಅನಂತರ ಹೆಸರಿನ ಜೊತೆಗೆ ಓದಿದ ಸಂಸ್ಥೆ, ಕೆಲಸ ಮಾಡಿದ ಸ್ಥಳ, ಹವ್ಯಾಸ ಒಂದೊಂದನ್ನೇ ಸೇರಿಸಿ ನೋಡಿ. ಕನ್ನಡ ಲಿಪಿಯಲ್ಲಿ ಒಮ್ಮೆ, ರೋಮನ್ ಲಿಪಿಯಲ್ಲಿ ಮತ್ತೊಮ್ಮೆ ಹುಡುಕುವುದನ್ನು ಮರೆಯಬೇಡಿ. ಹ್ರಸ್ವ ದೀರ್ಘಗಳನ್ನು ರೋಮನ್ ಲಿಪಿಯಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆಯುವುದರಿಂದ ಒಂದೇ ಹೆಸರಿಗೆ ನಾಲ್ಕೈದು ರೂಪಗಳಿರುತ್ತವೆ, ಇನಿಷಿಯಲ್ ಹಿಂದೆ ಬಂದರೆ ಒಂದು ಫಲಿತಾಂಶ, ಮುಂದೆ ಬಂದರೆ ಇನ್ನೊಂದು.

ಹೆಸರಿನ ಹುಡುಕಾಟಕ್ಕಿಂತ ಹೆಚ್ಚು ಫಲ ಕೊಡುವುದು ಸಂಖ್ಯೆಗಳ ಹುಡುಕಾಟ. ನಿಮ್ಮ ಮೊಬೈಲ್ ಸಂಖ್ಯೆಯನ್ನು ಒಟ್ಟಾಗಿ ಬರೆದು, ನಡುವೆ ಜಾಗ ಬಿಟ್ಟು, ದೇಶದ ಕೋಡ್ ಸೇರಿಸಿ ಮೂರು ಬಗೆಯಲ್ಲಿ ಹುಡುಕಿ. ಹಳೆಯ ಇಮೇಲ್ ವಿಳಾಸ, ವಿದ್ಯಾರ್ಥಿಯಾಗಿದ್ದಾಗ ಇಟ್ಟುಕೊಂಡಿದ್ದ ಬಳಕೆದಾರನಾಮ, ಇವನ್ನೂ ಬಿಡಬೇಡಿ. ಎಲ್ಲ ಕಡೆ ಬಳಸುವ ಭಾವಚಿತ್ರವನ್ನು ಚಿತ್ರಹುಡುಕಾಟಕ್ಕೆ ಕೊಟ್ಟು ಅದು ಇನ್ನೆಲ್ಲಿದೆ ಎಂದು ನೋಡಿ. ಒಂದು ಹುಡುಕುತಾಣಕ್ಕೆ ನಿಲ್ಲದೆ ಎರಡು ಮೂರರಲ್ಲಿ ಇದನ್ನು ಮಾಡಬೇಕು, ಏಕೆಂದರೆ ಒಂದು ಕೈಬಿಟ್ಟ ಪುಟವನ್ನು ಇನ್ನೊಂದು ಹಿಡಿದಿಟ್ಟುಕೊಂಡಿರುತ್ತದೆ.

ನಾನು ಮೊದಲ ಬಾರಿಗೆ ಈ ಕೆಲಸ ಮಾಡಿದಾಗ ನನ್ನ ಹೆಸರಿನ ಹುಡುಕಾಟದಲ್ಲಿ ಮುಜುಗರಪಡುವಂಥದ್ದೇನೂ ಸಿಗಲಿಲ್ಲ. ಹಳೆಯ ಇಮೇಲ್ ವಿಳಾಸವನ್ನು ಕೊಟ್ಟಾಗ ಮಾತ್ರ ಒಂದು ಸ್ಪ್ರೆಡ್‌ಶೀಟ್ ತೆರೆದುಕೊಂಡಿತು. ವರ್ಷಗಳ ಹಿಂದೆ ನಾನು ಭಾಗವಹಿಸಿದ್ದ ಕಾರ್ಯಾಗಾರವೊಂದರ ನೋಂದಣಿ ಪಟ್ಟಿ ಅದು: ಹೆಸರು, ಇಮೇಲ್, ಮೊಬೈಲ್ ಸಂಖ್ಯೆ, ಹುಟ್ಟಿದ ದಿನಾಂಕ, ಊಟ ಬೇಕೋ ಬೇಡವೋ ಎಂಬ ಕಲಂ ಕೂಡ. ಸಂಘಟಕರು ತಮ್ಮೊಳಗೆ ಹಂಚಿಕೊಳ್ಳಲು ತಾಣದ ಮೂಲೆಯಲ್ಲಿ ಇಟ್ಟದ್ದನ್ನು ಹುಡುಕುತಾಣ ಎತ್ತಿಕೊಂಡಿತ್ತು. ನನ್ನ ಮೇಲೂ ನನ್ನ ಕೆಳಗೂ ಇದ್ದ ಹಲವಾರು ಹೆಸರುಗಳ ಒಡೆಯರಿಗೆ ಇದು ಇಂದಿಗೂ ಗೊತ್ತಿರಲಾರದು. ಈ ಪಟ್ಟಿಯ ವಿಚಾರಕ್ಕೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಸಿಕ್ಕಿದ್ದನ್ನೆಲ್ಲ ಬರೆದಿಟ್ಟುಕೊಳ್ಳಿ: ಎಲ್ಲಿ ಸಿಕ್ಕಿತು, ಏನೇನು ಬಯಲಾಗಿದೆ, ಅದನ್ನು ಹಾಕಿದವರು ಯಾರು, ಯಾವ ಕೊಂಡಿಯಿಂದ ಅಲ್ಲಿಗೆ ತಲುಪಿದಿರಿ. ಕೊನೆಯ ಕಲಂ ಅತ್ಯಂತ ಮುಖ್ಯ. ಈ ಪಟ್ಟಿಯನ್ನು ಕಾಗದದ ಮೇಲೆ ಬರೆಯುವುದು ಲೇಸು. ನಿಮ್ಮ ಗುಟ್ಟುಗಳೆಲ್ಲ ಒಂದೇ ಕಡೆ ಇರುವ ದಾಖಲೆಯನ್ನು ‘ಲಿಂಕ್ ಇದ್ದವರೆಲ್ಲ ನೋಡಬಹುದು’ ಎಂಬ ಸೆಟ್ಟಿಂಗ್‌ನಲ್ಲಿ ಮೇಘಸಂಗ್ರಹಕ್ಕೆ ಏರಿಸಿದರೆ ಈ ಶ್ರಮಕ್ಕೆ ಅರ್ಥವೇ ಉಳಿಯುವುದಿಲ್ಲ.

ಹಂತ 2: ಮರೆತ ಖಾತೆಗಳನ್ನು ಮುಚ್ಚಿ

ತೆರೆದು ಮರೆತ ಖಾತೆಗಳನ್ನು ನೆನಪಿನಿಂದ ಪಟ್ಟಿ ಮಾಡಲಾಗದು. ಇಮೇಲ್ ಪೆಟ್ಟಿಗೆಯೇ ಅವುಗಳ ದಫ್ತರ. ‘ವೆಲ್‌ಕಮ್’, ‘ವೆರಿಫೈ’, ‘ಯುವರ್ ಅಕೌಂಟ್’, ‘ಅನ್‌ಸಬ್‌ಸ್ಕ್ರೈಬ್’ ಎಂಬ ಇಂಗ್ಲಿಷ್ ಪದಗಳನ್ನೂ ಅವುಗಳ ಕನ್ನಡ ರೂಪಗಳನ್ನೂ ಪೆಟ್ಟಿಗೆಯಲ್ಲಿ ಹುಡುಕಿದರೆ ಒಂದು ಗಂಟೆಯಲ್ಲಿ ಬಹುಪಾಲು ಹೊರಬರುತ್ತದೆ. ಬ್ರೌಸರ್ ಉಳಿಸಿಟ್ಟುಕೊಂಡಿರುವ ಪಾಸ್‌ವರ್ಡ್‌ಗಳ ಪಟ್ಟಿಯನ್ನು ನೋಡಿ. ಗೂಗಲ್, ಫೇಸ್‌ಬುಕ್ ಅಥವಾ ಆ್ಯಪಲ್ ಖಾತೆಯ ಮೂಲಕ ಲಾಗಿನ್ ಆದ ತಾಣಗಳ ಪಟ್ಟಿ ಆಯಾ ಖಾತೆಯ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತದೆ. ಇದರ ಜೊತೆಗೆ ಜಾಲಭದ್ರತಾ ತಜ್ಞ ಟ್ರಾಯ್ ಹಂಟ್ 2013ರಲ್ಲಿ ಆರಂಭಿಸಿದ ‘ಹ್ಯಾವ್ ಐ ಬೀನ್ ಪೌನ್ಡ್’ ತಾಣದಲ್ಲಿ ನಿಮ್ಮ ಇಮೇಲ್ ವಿಳಾಸ ಕೊಟ್ಟರೆ, ಅದು ಯಾವ ಯಾವ ಸೋರಿಕೆಗಳಲ್ಲಿ ಸಿಕ್ಕಿಬಿದ್ದಿದೆ ಎಂಬುದು ತಿಳಿಯುತ್ತದೆ; ನಿಮಗೆ ಮರೆತೇಹೋಗಿದ್ದ ತಾಣವೊಂದರ ಹೆಸರು ಅಲ್ಲಿ ಮೊದಲ ಬಾರಿಗೆ ನೆನಪಾಗುವುದುಂಟು.

ಮುಚ್ಚುವಾಗ ಕ್ರಮ ತಪ್ಪಬಾರದು. ಮೊದಲು ಬೇಕಾದ ಚಿತ್ರ, ಬರಹಗಳನ್ನು ಇಳಿಸಿಕೊಳ್ಳಿ. ಅನಂತರ ಹಾಕಿದ ಬರಹಗಳನ್ನು ಅಳಿಸಿ, ಏಕೆಂದರೆ ಹಲವು ತಾಣಗಳು ಖಾತೆಯನ್ನು ಮಾತ್ರ ತೆಗೆದು ಬರಹಗಳನ್ನು ಹಾಗೆಯೇ ಉಳಿಸಿಕೊಳ್ಳುತ್ತವೆ. ಆಮೇಲೆ ಹೆಸರು, ಸಂಖ್ಯೆ, ವಿಳಾಸಗಳನ್ನು ಬದಲಿಸಿ ಅಥವಾ ಖಾಲಿ ಮಾಡಿ. ಕೊನೆಗೆ ಖಾತೆ ಅಳಿಸಿ. ‘ನಿಷ್ಕ್ರಿಯಗೊಳಿಸು’ ಎಂಬುದಕ್ಕೂ ‘ಅಳಿಸು’ ಎಂಬುದಕ್ಕೂ ಅಜಗಜಾಂತರವಿದೆ. ಮೊದಲನೆಯದರಲ್ಲಿ ಅಂಗಡಿಯ ಬಾಗಿಲು ಮುಚ್ಚುತ್ತದೆಯೇ ಹೊರತು ಸರಕು ಒಳಗೇ ಇರುತ್ತದೆ. ಫೇಸ್‌ಬುಕ್‌ನಲ್ಲಿ ಅಳಿಸಲು ಕೋರಿದ ಮೇಲೆ 30 ದಿನಗಳ ಅವಧಿಯಿದ್ದು, ಅಷ್ಟರೊಳಗೆ ಲಾಗಿನ್ ಆಗಿ ಕೋರಿಕೆಯನ್ನು ಹಿಂಪಡೆಯಲು ಅವಕಾಶವಿದೆ. ಅಳಿಯಿತೋ ಇಲ್ಲವೋ ಎಂದು ಕುತೂಹಲಕ್ಕೆ ಇಣುಕಿ ನೋಡಬೇಡಿ. ಫೋನಿನಿಂದ ಆ್ಯಪ್ ತೆಗೆದುಹಾಕಿದ ಮಾತ್ರಕ್ಕೆ ಖಾತೆ ಹೋಗುವುದಿಲ್ಲ. ಆ್ಯಪಲ್ 2022ರ ಜೂನ್ 30ರಿಂದ, ಖಾತೆ ತೆರೆಯಲು ಅವಕಾಶ ಕೊಡುವ ಆ್ಯಪ್‌ಗಳು ಅಳಿಸುವ ದಾರಿಯನ್ನೂ ಆ್ಯಪಿನೊಳಗೇ ಕೊಡಬೇಕೆಂದು ನಿಯಮ ಮಾಡಿದೆ. ಗೂಗಲ್ ಪ್ಲೇಯಲ್ಲೂ ಇದಕ್ಕೆ ಸಮೀಪದ ನಿಯಮವಿದೆ.

ಒಂದು ಎಚ್ಚರಿಕೆ. ಹಳೆಯ ಇಮೇಲ್ ಖಾತೆಯನ್ನು ಎಲ್ಲಕ್ಕಿಂತ ಕೊನೆಗೆ ಮುಚ್ಚಬೇಕು. ಇತರ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೀಲಿ ಬರುವುದು ಅಲ್ಲಿಗೇ. 2013ರಲ್ಲಿ ಯಾಹೂ ಬಳಕೆಯಲ್ಲಿಲ್ಲದ ವಿಳಾಸಗಳನ್ನು ಹೊಸಬರಿಗೆ ಹಂಚಿದಾಗ, ಕೆಲವರಿಗೆ ಹಿಂದಿನ ಒಡೆಯರ ಖಾಸಗಿ ಪತ್ರಗಳು ಬರತೊಡಗಿದ್ದವು.

ಹಂತ 3: ಕೊಂಡಿಗಳನ್ನು ಕಳಚಿ

ಇಲ್ಲಿ ನಿಧಾನವಾಗಿ ಕೆಲಸ ಮಾಡಿ. ನಿಮ್ಮ ಜಾಲಜೀವನವನ್ನು ಕೆಲವು ಕೋಣೆಗಳಾಗಿ ಭಾಗಿಸಿಕೊಳ್ಳಿ: ಬ್ಯಾಂಕು ಮತ್ತು ಸರ್ಕಾರಿ ವ್ಯವಹಾರ ಒಂದು, ಉದ್ಯೋಗ ಒಂದು, ಬಂಧುಮಿತ್ರರು ಒಂದು, ಖರೀದಿ ಮತ್ತು ಒಮ್ಮೆ ಬಳಸಿ ಬಿಡುವ ತಾಣಗಳು ಒಂದು. ಪ್ರತಿ ಕೋಣೆಗೂ ಪ್ರತ್ಯೇಕ ಇಮೇಲ್ ವಿಳಾಸವಿರಲಿ. ಬ್ಯಾಂಕಿನ ಕೋಣೆಯ ವಿಳಾಸವನ್ನು ಬೇರೆಲ್ಲಿಯೂ, ಯಾರಿಗೂ ಕೊಡಬೇಡಿ. ಅದು ಯಾವ ಸೋರಿಕೆಯಲ್ಲೂ ಇಲ್ಲದಿದ್ದರೆ ನಿಮ್ಮ ಬ್ಯಾಂಕಿನ ಸೋಗಿನಲ್ಲಿ ಹಳೆಯ ವಿಳಾಸಕ್ಕೆ ಬರುವ ಪತ್ರ ನಕಲಿಯೆಂಬುದು ತೆರೆಯುವ ಮೊದಲೇ ಗೊತ್ತಾಗುತ್ತದೆ.

ಖರೀದಿಯ ಕೋಣೆಗೆ ಮರೆವಿಳಾಸಗಳು ಹೇಳಿ ಮಾಡಿಸಿದಂತಿವೆ. ಆ್ಯಪಲ್‌ನ ‘ಹೈಡ್ ಮೈ ಇಮೇಲ್’, ಮೊಜಿಲ್ಲಾದ ‘ಫೈರ್‌ಫಾಕ್ಸ್ ರಿಲೇ’, ಡಕ್‌ಡಕ್‌ಗೋದ ಇಮೇಲ್ ಸೇವೆ ಇವು ಪ್ರತಿ ತಾಣಕ್ಕೂ ಬೇರೆ ಬೇರೆ ವಿಳಾಸ ಸೃಷ್ಟಿಸಿ, ಬಂದ ಪತ್ರವನ್ನು ನಿಮ್ಮ ನಿಜವಾದ ಪೆಟ್ಟಿಗೆಗೆ ದಾಟಿಸುತ್ತವೆ. ಯಾವುದಾದರೂ ಮರೆವಿಳಾಸಕ್ಕೆ ಅನಪೇಕ್ಷಿತ ಪತ್ರ ಬರತೊಡಗಿದರೆ ನಿಮ್ಮ ವಿವರವನ್ನು ಸೋರಿಸಿದವರು ಯಾರೆಂಬುದು ಅಲ್ಲೇ ತಿಳಿಯುತ್ತದೆ, ಆ ಒಂದು ವಿಳಾಸವನ್ನು ಸ್ಥಗಿತಗೊಳಿಸಿದರೆ ಸಾಕು. ಜಿಮೇಲ್‌ನಲ್ಲಿ ಹೆಸರಿನ ಕೊನೆಗೆ ಪ್ಲಸ್ ಚಿಹ್ನೆ ಹಾಕಿ ಒಂದು ಪದ ಸೇರಿಸುವ ಉಪಾಯವೂ ಇದೆ. ಆದರೆ ಪ್ಲಸ್‌ನ ನಂತರದ್ದನ್ನು ಕತ್ತರಿಸಿ ಮೂಲ ವಿಳಾಸ ಪಡೆಯುವುದು ಯಾರಿಗೂ ಕಷ್ಟವಲ್ಲವಾದ್ದರಿಂದ ಅದು ಪತ್ರಗಳನ್ನು ವಿಂಗಡಿಸಲು ಮಾತ್ರ ಒಳ್ಳೆಯದು.

ಇಮೇಲ್‌ಗಿಂತ ಗಟ್ಟಿಯಾದ ಕೊಂಡಿ ಮೊಬೈಲ್ ಸಂಖ್ಯೆ, ಏಕೆಂದರೆ ಅದನ್ನು ನಾವು ವರ್ಷಗಟ್ಟಲೆ ಬದಲಿಸುವುದಿಲ್ಲ. 2021ರ ಏಪ್ರಿಲ್‌ನಲ್ಲಿ 53 ಕೋಟಿಗೂ ಹೆಚ್ಚು ಫೇಸ್‌ಬುಕ್ ಬಳಕೆದಾರರ ಸಂಖ್ಯೆಗಳು ಬಯಲಿಗೆ ಬಿದ್ದವು. ಯಾರೂ ಪಾಸ್‌ವರ್ಡ್ ಕದ್ದಿರಲಿಲ್ಲ. ಸಂಪರ್ಕಪಟ್ಟಿಯನ್ನು ಕೊಟ್ಟು ಗೆಳೆಯರನ್ನು ಹುಡುಕುವ ಸೌಲಭ್ಯವನ್ನು 2019ರ ಸೆಪ್ಟೆಂಬರಿಗೂ ಮೊದಲು ದುರುಪಯೋಗ ಮಾಡಿಕೊಂಡು, ಯಾವ ಸಂಖ್ಯೆ ಯಾರದ್ದೆಂದು ಸಾಲುಸಾಲಾಗಿ ಸಂಗ್ರಹಿಸಿಕೊಂಡಿದ್ದರು. ಆದ್ದರಿಂದ ಪ್ರತಿ ಸಾಮಾಜಿಕ ಜಾಲತಾಣದ ಗೌಪ್ಯತೆ ಸೆಟ್ಟಿಂಗ್ಸ್‌ಗೆ ಹೋಗಿ, ‘ನಿಮ್ಮ ಸಂಖ್ಯೆಯಿಂದ ನಿಮ್ಮನ್ನು ಯಾರು ಹುಡುಕಬಹುದು’ ಎಂಬ ಅರ್ಥ ಬರುವ ಆಯ್ಕೆಯನ್ನು ಅತ್ಯಂತ ಸಂಕುಚಿತ ಮಟ್ಟಕ್ಕೆ ಇಳಿಸಿ. ಎರಡನೆಯ ಹಂತದ ದೃಢೀಕರಣಕ್ಕೆ ಎಸ್‌ಎಂಎಸ್ ಬದಲು ಕೋಡ್ ಕೊಡುವ ಆ್ಯಪ್ ಅಥವಾ ಪಾಸ್‌ಕೀ (ಪಾಸ್‌ವರ್ಡ್ ಬದಲು ನಿಮ್ಮ ಸಾಧನದಲ್ಲೇ ಇರುವ ಕೀಲಿ) ಬಳಸಿದರೆ ಸಂಖ್ಯೆ ಕೊಡುವ ಅಗತ್ಯವೇ ಅನೇಕ ಕಡೆ ತಪ್ಪುತ್ತದೆ.

ಬಳಕೆದಾರನಾಮ, ಭಾವಚಿತ್ರಗಳ ವಿಚಾರ ಸುಲಭ. ಉದ್ಯೋಗದ ಕೋಣೆಯಲ್ಲಿ ನಿಮ್ಮ ನಿಜನಾಮ, ನಿಜಚಿತ್ರ ಇರಲಿ. ಇತರ ಕೋಣೆಗಳಲ್ಲಿ ಬೇರೆ ಹೆಸರು, ಬೇರೆ ಚಿತ್ರ. ಹುಟ್ಟಿದ ವರ್ಷವನ್ನು ಬಳಕೆದಾರನಾಮದ ಬಾಲಕ್ಕೆ ಅಂಟಿಸುವ ಅಭ್ಯಾಸವನ್ನು ಇಂದೇ ಬಿಡಿ.

ಹಂತ 4: ಚಿತ್ರಗಳ ಒಳಗೆ ಇಣುಕಿ ನೋಡಿ

ನಿಮ್ಮ ಫೋನಿನಲ್ಲಿ ಮನೆಯೊಳಗೆ ತೆಗೆದ ಒಂದು ಚಿತ್ರವನ್ನು ತೆರೆದು, ಮೇಲಕ್ಕೆ ಸರಿಸಿ ಅಥವಾ ಮಾಹಿತಿಯ ಗುಂಡಿ ಒತ್ತಿ ನೋಡಿ. ಕ್ಯಾಮೆರಾದ ಮಾದರಿ, ಕ್ಷಣದವರೆಗಿನ ಸಮಯ, ಲೆನ್ಸಿನ ವಿವರಗಳ ಕೆಳಗೆ ಒಂದು ಸಣ್ಣ ನಕಾಶೆ ಕಾಣಿಸಬಹುದು. ಇದು ಎಕ್ಸಿಫ್ ಎಂಬ ಹೆಸರಿನಲ್ಲಿ ಚಿತ್ರದ ಕಡತದೊಳಗೇ ಕುಳಿತಿರುವ ಮಾಹಿತಿ. ಅದರಲ್ಲಿನ ಅಕ್ಷಾಂಶ ರೇಖಾಂಶಗಳಲ್ಲಿ ದಶಮಾಂಶ ಬಿಂದುವಿನ ನಂತರ ನಾಲ್ಕು ಅಂಕಿಗಳಿದ್ದರೆ ಜಾಗ ಸುಮಾರು 11 ಮೀಟರುಗಳ ಅಂತರಕ್ಕೆ, ಐದು ಅಂಕಿಗಳಿದ್ದರೆ ಒಂದು ಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಜಿಪಿಎಸ್ ಯಾವಾಗಲೂ ಅಷ್ಟು ಕರಾರುವಾಕ್ಕಾಗಿರುವುದಿಲ್ಲ, ನಿಜ. ಆದರೆ ಮನೆ ಯಾವುದೆಂದು ತಿಳಿಯಲು ಅಷ್ಟು ನಿಖರತೆ ಬೇಕಾಗಿಯೂ ಇಲ್ಲ. 2012ರ ಡಿಸೆಂಬರಿನಲ್ಲಿ ಪೊಲೀಸರಿಂದ ತಲೆಮರೆಸಿಕೊಂಡಿದ್ದ ಸಾಫ್ಟ್‌ವೇರ್ ಉದ್ಯಮಿ ಜಾನ್ ಮೆಕಾಫಿ ಗ್ವಾಟೆಮಾಲಾದಲ್ಲಿರುವುದು ಗೊತ್ತಾದದ್ದು, ಅವರೊಂದಿಗಿದ್ದ ಪತ್ರಕರ್ತರ ನಿಯತಕಾಲಿಕವು ಪ್ರಕಟಿಸಿದ ಚಿತ್ರದಲ್ಲಿ ಇಂಥದ್ದೇ ಮಾಹಿತಿ ಉಳಿದಿದ್ದರಿಂದ.

ಕ್ಯಾಮೆರಾಗೆ ಸ್ಥಳದ ಅನುಮತಿಯನ್ನೇ ತೆಗೆದುಬಿಡುವುದು ಅತ್ಯಂತ ಸರಳ ಪರಿಹಾರ. ಅದು ಬೇಕೆನ್ನುವವರು ಹಂಚುವ ಮುನ್ನ ಸ್ಥಳವನ್ನು ತೆಗೆಯುವ ಆಯ್ಕೆ ಬಳಸಲಿ. ಹಂಚುವ ಪರದೆಯಲ್ಲೋ ಚಿತ್ರದ ಮಾಹಿತಿಯಲ್ಲೋ ಅದು ಸಿಗುತ್ತದೆ. ದೊಡ್ಡ ಸಾಮಾಜಿಕ ಜಾಲತಾಣಗಳು ಈ ಮಾಹಿತಿಯನ್ನು ಸಾರ್ವಜನಿಕರಿಗೆ ಕಾಣದಂತೆ ತೆಗೆಯುತ್ತವೆ, ತಾವು ಮಾತ್ರ ಓದಿಕೊಂಡಿರಬಹುದು. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವನ್ನು ಚಿತ್ರವಾಗಿ ಕಳಿಸಿದರೆ ಎಕ್ಸಿಫ್ ಹೋಗುತ್ತದೆ. ಗುಣಮಟ್ಟ ಕೆಡದಿರಲೆಂದು ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಎಲ್ಲವೂ ಜೊತೆಗೇ ಸಾಗುತ್ತದೆ.

ಕತ್ತರಿಸಿದ ಚಿತ್ರವನ್ನೂ ಕಣ್ಣುಮುಚ್ಚಿ ನಂಬಬೇಡಿ. ಗೂಗಲ್ ಪಿಕ್ಸೆಲ್ ಫೋನುಗಳ ಸಾಧನವೊಂದರಲ್ಲಿ ಕತ್ತರಿಸಿ ಉಳಿಸಿದ ಸ್ಕ್ರೀನ್‌ಶಾಟ್‌ಗಳಿಂದ ಕತ್ತರಿಸಿದ ಭಾಗವನ್ನು ಮರಳಿ ಪಡೆಯಬಹುದೆಂಬುದು 2023ರ ಮಾರ್ಚ್‌ನಲ್ಲಿ ಬಯಲಾಯಿತು. ಹೊಸ ಚಿತ್ರವನ್ನು ಹಳೆಯ ಕಡತದ ಮೇಲೆ ಬರೆಯುವಾಗ ಹಳೆಯದರ ಬಾಲ ಉಳಿದುಹೋಗುತ್ತಿತ್ತು. ಪಿಡಿಎಫ್‌ನಲ್ಲಿ ಅಕ್ಷರಗಳ ಮೇಲೆ ಕಪ್ಪು ಪಟ್ಟಿ ಎಳೆಯುವುದೂ ಅಂಥದ್ದೇ: ಪಟ್ಟಿಯ ಕೆಳಗಿನ ಅಕ್ಷರಗಳನ್ನು ಆಯ್ದು ಬೇರೆಡೆ ಅಂಟಿಸಿದರೆ ಹಲವು ಬಾರಿ ಪೂರ್ತಿ ಓದಿಕೊಳ್ಳಬಹುದು.

ಹಂತ 5: ಬ್ರೌಸರ್ ಮತ್ತು ಫೋನನ್ನು ಬಿಗಿಗೊಳಿಸಿ

ಖಾಸಗಿ ಕಿಟಕಿಯ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರಾವುದರ ಬಗ್ಗೆಯೂ ಇಲ್ಲ. ಅದು ನಿಮ್ಮ ಇತಿಹಾಸವನ್ನು ನಿಮ್ಮ ಸಾಧನದಲ್ಲಿ ಉಳಿಸುವುದಿಲ್ಲ, ಅಷ್ಟೇ. ನೀವು ನೋಡುವ ತಾಣಕ್ಕೆ, ನಿಮ್ಮ ಇಂಟರ್ನೆಟ್ ಪೂರೈಕೆದಾರರಿಗೆ, ಕಚೇರಿಯ ಜಾಲವನ್ನು ನೋಡಿಕೊಳ್ಳುವವರಿಗೆ ನಿಮ್ಮ ಓಡಾಟ ಕಾಣುವುದನ್ನು ಅದು ತಡೆಯುವುದಿಲ್ಲ. ಇದೇ ಗೊಂದಲದ ಸುತ್ತ 2020ರಲ್ಲಿ ಅಮೆರಿಕದಲ್ಲಿ ಗೂಗಲ್ ವಿರುದ್ಧ ಮೊಕದ್ದಮೆ ಹೂಡಲಾಗಿತ್ತು. 2024ರ ಒಪ್ಪಂದದಲ್ಲಿ ಕಂಪನಿಯು ಶತಕೋಟಿಗಟ್ಟಲೆ ದಾಖಲೆಗಳನ್ನು ನಾಶಪಡಿಸಲು ಸಮ್ಮತಿಸಿತು. ನಿಮ್ಮ ಸಂಪರ್ಕವನ್ನು ಬೇರೊಂದು ಕಂಪನಿಯ ಸರ್ವರ್ ಮೂಲಕ ಹಾಯಿಸುವ ವಿಪಿಎನ್ ಕೂಡ ಮಾಯಾಕವಚವಲ್ಲ: ಪೂರೈಕೆದಾರರ ಕಣ್ಣನ್ನು ತಪ್ಪಿಸಿ ಅದೇ ನಂಬಿಕೆಯನ್ನು ವಿಪಿಎನ್ ಕಂಪನಿಯ ಕೈಗೆ ಒಪ್ಪಿಸುತ್ತೀರಿ. ವಿಪಿಎನ್ ಹಾಕಿಕೊಂಡು ನಿಮ್ಮದೇ ಖಾತೆಗೆ ಲಾಗಿನ್ ಆದರೆ ಮುಸುಕು ಹಾಕಿಕೊಂಡು ಹೆಸರು ಕೂಗಿ ಹೇಳಿದಂತೆ.

ಮೂರನೆಯವರ ಕುಕೀಗಳನ್ನು ಸಫಾರಿ 2020ರಿಂದ ಸಂಪೂರ್ಣವಾಗಿ ತಡೆಯುತ್ತಿದೆ. ಫೈರ್‌ಫಾಕ್ಸ್ 2022ರಿಂದ ಪ್ರತಿ ತಾಣದ ಕುಕೀಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಇಡುತ್ತದೆ. ಕ್ರೋಮ್ ಅವುಗಳನ್ನು ಕೈಬಿಡುವುದಾಗಿ ಹೇಳಿ ಕೊನೆಗೆ ಆ ಯೋಜನೆಯನ್ನೇ ಕೈಬಿಟ್ಟಿತು. ಕ್ರೋಮ್ ಬಳಸುವವರು ಸೆಟ್ಟಿಂಗ್ಸ್‌ನಲ್ಲಿ ತಾವೇ ತಡೆಯಬೇಕು. ಒಂದು ಒಳ್ಳೆಯ ಜಾಹೀರಾತು ತಡೆ ಇದ್ದರೆ ಸಾಕು. ಹತ್ತಾರು ವಿಸ್ತರಣೆಗಳನ್ನು (ಎಕ್ಸ್‌ಟೆನ್ಶನ್) ತುಂಬಿಕೊಂಡರೆ ಬ್ರೌಸರಿನ ಬೆರಳಚ್ಚು ಇನ್ನಷ್ಟು ವಿಶಿಷ್ಟವಾಗುವ ಅಪಾಯವಿದೆ. ಗುಂಪಿನಲ್ಲಿ ಕರಗಲು ವಿಶೇಷ ವೇಷ ಹಾಕಿದವನೇ ಮೊದಲು ಕಣ್ಣಿಗೆ ಬೀಳುತ್ತಾನೆ.

ಹಂಚುವ ಲಿಂಕ್‌ಗಳ ಬಾಲವನ್ನು ಗಮನಿಸಿ. ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಬರುವ ಉದ್ದನೆಯ ಅಕ್ಷರಮಾಲೆಯಲ್ಲಿ ಬಹಳಷ್ಟು ಸಲ ಆ ಲಿಂಕ್ ಯಾರಿಂದ, ಯಾವ ಆ್ಯಪಿನಿಂದ ಹೊರಟಿತೆಂಬ ಗುರುತಿರುತ್ತದೆ. ಅದನ್ನು ಕತ್ತರಿಸಿ, ಪುಟ ತೆರೆಯುತ್ತದೆಯೇ ಎಂದು ನೋಡಿ ಕಳಿಸಿ. ಇಮೇಲ್‌ಗಳಲ್ಲಿ ಒಂದು ಪಿಕ್ಸೆಲ್ ಅಗಲ, ಒಂದು ಪಿಕ್ಸೆಲ್ ಎತ್ತರದ ಕಾಣದ ಚಿತ್ರಗಳನ್ನಿಟ್ಟು ನೀವು ಪತ್ರ ತೆರೆದ ಹೊತ್ತನ್ನು ತಿಳಿದುಕೊಳ್ಳುತ್ತಾರೆ. ಹೊರಗಿನ ಚಿತ್ರಗಳು ತಾವಾಗಿ ತೆರೆಯದಂತೆ ಮಾಡಿದರೆ ಅದು ಅಲ್ಲಿಗೆ ನಿಲ್ಲುತ್ತದೆ.

ಫೋನಿನಲ್ಲಿ ಮುಖ್ಯವಾಗಿ ಎರಡು ಕೆಲಸ. ಮೊದಲನೆಯದು ಜಾಹೀರಾತುದಾರರು ನಿಮ್ಮ ಫೋನನ್ನು ಗುರುತಿಸಲು ಬಳಸುವ ಜಾಹೀರಾತು ಗುರುತುಸಂಖ್ಯೆ: ಆಂಡ್ರಾಯ್ಡ್‌ನ ಗೌಪ್ಯತೆ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಅಳಿಸಿ, ಐಫೋನಿನಲ್ಲಿ 2021ರ ಐಒಎಸ್ 14.5ರಿಂದ ಆ್ಯಪ್‌ಗಳು ಅನುಮತಿ ಕೇಳಲೇಬೇಕು, ಕೇಳುವ ಅವಕಾಶವನ್ನೇ ಮುಚ್ಚಿಬಿಡಿ. ಎರಡನೆಯದು ಅನುಮತಿಗಳ ಪರಿಶೀಲನೆ. ಹವಾಮಾನ ತಿಳಿಸುವ ಆ್ಯಪ್‌ಗೆ ಅಂದಾಜು ಸ್ಥಳ ಸಾಕು, ಟಾರ್ಚ್‌ಗೆ ಸಂಪರ್ಕಪಟ್ಟಿ ಬೇಕಿಲ್ಲ, ‘ಯಾವಾಗಲೂ’ ಎಂದಿರುವ ಸ್ಥಳದ ಅನುಮತಿಯನ್ನು ‘ಬಳಸುವಾಗ ಮಾತ್ರ’ ಎಂದು ಇಳಿಸಿ. ಸ್ಟ್ರಾವಾ ವ್ಯಾಯಾಮದ ಆ್ಯಪ್ 2017ರಲ್ಲಿ ಪ್ರಕಟಿಸಿದ, ಬಳಕೆದಾರರ ಓಡಾಟದ ಜಾಗತಿಕ ನಕಾಶೆಯಲ್ಲಿ ಯಾರ ಹೆಸರೂ ಇರಲಿಲ್ಲ. ಆದರೂ ಮರುಭೂಮಿಯ ಕತ್ತಲಲ್ಲಿ ಹೊಳೆಯುತ್ತಿದ್ದ ಓಟದ ಸುತ್ತುಗಳು ಸೇನಾನೆಲೆಗಳ ಆಕಾರವನ್ನು ಬರೆದು ತೋರಿಸಿದ್ದು 2018ರ ಜನವರಿಯಲ್ಲಿ ಸುದ್ದಿಯಾಯಿತು.

ಹಂತ 6: ಸೇವೆಗಳ ಒಳಗಿನ ದಫ್ತರ

ಗೂಗಲ್‌ನ ‘ಮೈ ಆ್ಯಕ್ಟಿವಿಟಿ’ ಪುಟದಲ್ಲಿ ನಿಮ್ಮ ಹುಡುಕಾಟ ಮತ್ತು ಯೂಟ್ಯೂಬ್ ವೀಕ್ಷಣೆಯ ದಾಖಲೆಗಳಿಗೆ 3, 18 ಅಥವಾ 36 ತಿಂಗಳ ಸ್ವಯಂ ಅಳಿಸುವಿಕೆಯನ್ನು ಇಡಬಹುದು. ಮೂರು ತಿಂಗಳು ಸಾಕು. ಫೇಸ್‌ಬುಕ್‌ನ ಒಡೆಯನಾದ ಮೆಟಾ ಕಂಪನಿಯ ಸೆಟ್ಟಿಂಗ್ಸ್‌ನಲ್ಲಿ ಇತರ ತಾಣಗಳು ನಿಮ್ಮ ಬಗ್ಗೆ ಅದಕ್ಕೆ ಕಳಿಸಿದ ಮಾಹಿತಿಯ ಪಟ್ಟಿಯಿದೆ. ಅದನ್ನು ಒಮ್ಮೆ ಪೂರ್ತಿ ಓದಿ, ಆಮೇಲೆ ಕೊಂಡಿ ಕಡಿಯಿರಿ. ಫೇಸ್‌ಬುಕ್‌ನ ಹಳೆಯ ಸಾರ್ವಜನಿಕ ಬರಹಗಳನ್ನೆಲ್ಲ ಒಂದೇ ಬಾರಿಗೆ ಗೆಳೆಯರಿಗೆ ಸೀಮಿತಗೊಳಿಸುವ ಆಯ್ಕೆಯೂ ಇದೆ. ನಿಮ್ಮ ಸಮಗ್ರ ದತ್ತಾಂಶವನ್ನು ಇಳಿಸಿಕೊಂಡು ನೋಡುವುದಾದರೆ, ನೋಡಿದ ಮೇಲೆ ಆ ಕಡತವನ್ನು ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಬಿಟ್ಟು ಎದ್ದುಹೋಗಬೇಡಿ.

ಹಂತ 7: ಬೇರೆಯವರು ಹಾಕಿದ್ದನ್ನು ತೆಗೆಸುವುದು

ಮೊದಲು ಮೂಲತಾಣ, ಅನಂತರ ಹುಡುಕುತಾಣ. ಈ ಕ್ರಮವನ್ನು ತಿರುಗಿಸಿದವರು ಎರಡು ಬಾರಿ ದುಡಿಯುತ್ತಾರೆ, ಏಕೆಂದರೆ ಹುಡುಕುತಾಣ ಫಲಿತಾಂಶವನ್ನು ಮರೆಮಾಡಿದರೂ ಪುಟ ಅಲ್ಲೇ ಇರುತ್ತದೆ. ತಾಣದ ಸಂಪರ್ಕ ಪುಟದಲ್ಲಿರುವ ವಿಳಾಸಕ್ಕೆ ಚುಟುಕಾಗಿ ಬರೆಯಿರಿ: ಪುಟದ ಪೂರ್ಣ ವಿಳಾಸ, ಅದರಲ್ಲಿರುವ ನಿಮ್ಮ ಯಾವ ವಿವರ ತೆಗೆಯಬೇಕು, ಯಾವ ದಿನಾಂಕದೊಳಗೆ. ಕೋಪದ ಪತ್ರಕ್ಕಿಂತ ಕೆಲಸ ಸುಲಭ ಮಾಡಿಕೊಡುವ ಪತ್ರಕ್ಕೆ ಬೇಗ ಉತ್ತರ ಬರುತ್ತದೆ. ಪುಟ ಬದಲಾದ ಮೇಲೂ ಹುಡುಕುತಾಣದಲ್ಲಿ ಹಳೆಯ ಸಾಲುಗಳು ಕಾಣುತ್ತಿದ್ದರೆ, ಹಳಸಿದ ಫಲಿತಾಂಶವನ್ನು ತಾಜಾಗೊಳಿಸಲು ಕೋರುವ ಅರ್ಜಿ ಗೂಗಲ್‌ನಲ್ಲಿದೆ. ಸಂಖ್ಯೆ, ಮನೆವಿಳಾಸಗಳಂಥ ವಿವರಗಳಿರುವ ಫಲಿತಾಂಶಗಳನ್ನು ತೆಗೆಯಲು ಕೋರುವ ಅರ್ಜಿಯೂ ಇದೆ. 1996ರಿಂದ ಜಾಲಪುಟಗಳನ್ನು ಸಂಗ್ರಹಿಸುತ್ತಿರುವ ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆಯ ಪ್ರತಿ ಇರಬಹುದೇ ಎಂದು ನೋಡಿ, ಇದ್ದರೆ ಅವರಿಗೂ ಬರೆಯಿರಿ.

ಕಾನೂನಿನ ಬಲವೂ ಉಂಟು. 2014ರ ಮೇ 13ರಂದು ಐರೋಪ್ಯ ನ್ಯಾಯಾಲಯವು ವ್ಯಕ್ತಿಯ ಹೆಸರಿನ ಹುಡುಕಾಟದಲ್ಲಿ ಬರುವ, ಇನ್ನು ಪ್ರಸ್ತುತವಲ್ಲದ ಫಲಿತಾಂಶಗಳನ್ನು ತೆಗೆಯಲು ಹುಡುಕುತಾಣವನ್ನು ಕೋರಬಹುದೆಂದು ತೀರ್ಪಿತ್ತಿತು. 2018ರ ಮೇ 25ರಿಂದ ಜಾರಿಯಲ್ಲಿರುವ ಐರೋಪ್ಯ ಒಕ್ಕೂಟದ ದತ್ತಾಂಶ ರಕ್ಷಣಾ ಕಾನೂನಾದ ಜಿಡಿಪಿಆರ್‌ನ 17ನೇ ವಿಧಿ ಅಳಿಸುವ ಹಕ್ಕನ್ನು ಕೊಡುತ್ತದೆ, ಕೋರಿಕೆಗೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರಿಸಬೇಕು. ಇದೇ ದಾರಿಯ ಕಾನೂನುಗಳು ಕ್ಯಾಲಿಫೋರ್ನಿಯಾ, ಭಾರತ ಸೇರಿದಂತೆ ಹಲವೆಡೆ ಬಂದಿವೆ. ನಿಮಗೆ ಅನ್ವಯಿಸುವ ಕಾನೂನಿನ ಹೆಸರನ್ನು ಪತ್ರದಲ್ಲಿ ಒಂದೇ ಸಾಲಿನಲ್ಲಿ ಉಲ್ಲೇಖಿಸಿದರೆ ಸಾಕು.

ಆದರೆ ಗದ್ದಲ ಮಾಡುವ ಮುನ್ನ ಯೋಚಿಸಿ. 2003ರಲ್ಲಿ ಗಾಯಕಿ ಬಾರ್ಬ್ರಾ ಸ್ಟ್ರೈಸೆಂಡ್ ಕ್ಯಾಲಿಫೋರ್ನಿಯಾ ಕರಾವಳಿಯ ಚಿತ್ರಸಂಗ್ರಹದಿಂದ ತಮ್ಮ ಮನೆಯ ಚಿತ್ರವನ್ನು ತೆಗೆಸಲು ಮೊಕದ್ದಮೆ ಹೂಡಿದರು. ಅದಕ್ಕೂ ಮೊದಲು ಆ ಚಿತ್ರವನ್ನು ಇಳಿಸಿಕೊಂಡದ್ದು ಆರೇ ಬಾರಿ, ಅದರಲ್ಲಿ ಎರಡು ಬಾರಿ ಇಳಿಸಿಕೊಂಡವರು ಅವರದೇ ವಕೀಲರು. ಸುದ್ದಿಯಾದ ಒಂದು ತಿಂಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ ತಾಣಕ್ಕೆ ಭೇಟಿ ಕೊಟ್ಟರು.

ಹಂತ 8: ಕಾಲಕಾಲಕ್ಕೆ ನೋಡಿಕೊಳ್ಳುವುದು, ಕಾಲಾನಂತರಕ್ಕೂ ಏರ್ಪಾಡು

ಆರು ತಿಂಗಳಿಗೊಮ್ಮೆ ಮೊದಲ ಹಂತವನ್ನು ಮರಳಿ ಮಾಡಿ; ಎರಡನೆಯ ಬಾರಿಗೆ ಅರ್ಧ ಗಂಟೆಯೂ ಹಿಡಿಯದು. ಮಕ್ಕಳ ಚಿತ್ರಗಳ ವಿಷಯದಲ್ಲಿ, ಗುಂಪಿನ ಚಿತ್ರಗಳ ವಿಷಯದಲ್ಲಿ, ಹಾಕುವ ಮುನ್ನ ಅದರಲ್ಲಿರುವವರನ್ನು ಅಥವಾ ಅವರ ಹೆತ್ತವರನ್ನು ಕೇಳಿ. ಗೂಗಲ್‌ನ ನಿಷ್ಕ್ರಿಯ ಖಾತೆ ನಿರ್ವಾಹಕದಲ್ಲಿ 3, 6, 12 ಅಥವಾ 18 ತಿಂಗಳು ನಿಮ್ಮ ಸುಳಿವಿಲ್ಲದಿದ್ದರೆ ಯಾರಿಗೆ ತಿಳಿಸಬೇಕು, ಖಾತೆಯನ್ನು ಅಳಿಸಬೇಕೇ ಎಂಬುದನ್ನು ನಿಗದಿಪಡಿಸಬಹುದು. ಆ್ಯಪಲ್, ಫೇಸ್‌ಬುಕ್‌ಗಳಲ್ಲೂ ಉತ್ತರಾಧಿಕಾರಿಯ ಸಂಪರ್ಕವನ್ನು ಹೆಸರಿಸಬಹುದು. ಹತ್ತು ನಿಮಿಷದ ಕೆಲಸ. ಎಲ್ಲರೂ ಮುಂದೂಡುವುದೂ ಇದನ್ನೇ.

ಅಳಿಯದೆ ಉಳಿದದ್ದಕ್ಕೆ ಏನು ಮಾಡುವುದು

ಕಾರ್ಯಾಗಾರದ ಆ ಪಟ್ಟಿಗೆ ಮರಳುತ್ತೇನೆ. ಸಂಘಟಕರಿಗೆ ಬರೆದ ಮೊದಲ ಪತ್ರಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ ಕ್ಷಮೆ ಕೋರಿ ಕಡತ ತೆಗೆದರು. ಹುಡುಕುತಾಣದಲ್ಲಿ ಕೆಲವು ವಾರ ಕಾಣುತ್ತಿದ್ದ ತುಣುಕು ಅರ್ಜಿ ಹಾಕಿದ ಮೇಲೆ ಮಾಯವಾಯಿತು. ಕಡತಗಳನ್ನು ನಕಲು ಮಾಡಿಟ್ಟುಕೊಳ್ಳುವ ತಾಣವೊಂದರಲ್ಲಿ ಅದೇ ಪಟ್ಟಿ ಮತ್ತೆ ಸಿಕ್ಕಿತು, ಅಲ್ಲಿ ಬರೆಯಲು ವಿಳಾಸವೂ ಇರಲಿಲ್ಲ. ಆಗ ದಾರಿ ಬದಲಿಸಿದೆ. ಆ ಹಳೆಯ ಇಮೇಲ್ ವಿಳಾಸದಿಂದ ತೆರೆದಿದ್ದ ಖಾತೆಗಳನ್ನು ಒಂದೊಂದಾಗಿ ಹೊಸ ವಿಳಾಸಗಳಿಗೆ ಸ್ಥಳಾಂತರಿಸಿದೆ, ಹುಟ್ಟಿದ ದಿನಾಂಕ ಉತ್ತರವಾಗಿದ್ದ ಭದ್ರತಾ ಪ್ರಶ್ನೆಗಳಿಗೆ ನನಗಷ್ಟೇ ಗೊತ್ತಿರುವ ಅಸಂಬದ್ಧ ಉತ್ತರ ಕೊಟ್ಟು ಪಾಸ್‌ವರ್ಡ್ ಮ್ಯಾನೇಜರಿನಲ್ಲಿ ಬರೆದಿಟ್ಟೆ, ಬ್ಯಾಂಕಿಗೆ ಬೇರೆ ಮೊಬೈಲ್ ಸಂಖ್ಯೆ ಕೊಟ್ಟೆ. ಎಲ್ಲ ಮುಗಿಯಲು ಎರಡು ಭಾನುವಾರಗಳು ಬೇಕಾದವು. ನಕಲು ತಾಣದಲ್ಲಿ ಪಟ್ಟಿ ಈಗಲೂ ಇದೆ, ನನ್ನ ಸಾಲೂ ಅದರಲ್ಲಿದೆ. ಆ ಸಾಲಿನಲ್ಲಿರುವ ವಿಳಾಸ, ಸಂಖ್ಯೆ, ದಿನಾಂಕಗಳಿಂದ ಇಂದು ನನ್ನ ಯಾವ ಖಾತೆಯ ಬಾಗಿಲೂ ತೆರೆಯುವುದಿಲ್ಲ.